ಆದ್ಯತೆಯ ಪಟ್ಟಿಗೆ ಸಿಗದ ಸಮಸ್ಯೆಗಳು

2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಬಹುಪಾಲನ್ನು ಒಮ್ಮೆಲೇ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಒಂದು ವಿನಾಯಿತಿಯೂ ಬಂತು. ಜೀವ ಉಳಿಸುವ ಕೆಲಸ ಮುಂದುವರಿಯಬಹುದು, ಮಿಕ್ಕಿದ್ದು ಕಾಯಲಿ ಅಂತ. ಕೇಳುವುದಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ದುಡ್ಡು ಕಮ್ಮಿಯಾದರೆ ಮೊದಲು ಜೀವ, ಉಳಿದದ್ದು ಆಮೇಲೆ. ಅಲ್ವಾ?

ಎಚ್‌ಐವಿ ಔಷಧಿ ಸಹಜವಾಗಿಯೇ ‘ಜೀವ ಉಳಿಸುವ’ ಸಾಲಿಗೆ ಸೇರಿತು. ಆದರೆ ಔಷಧಿ ತಾನಾಗಿ ಗೋದಾಮಿನಿಂದ ಎದ್ದು ರೋಗಿಯ ಮನೆಗೆ ಹೋಗುವುದಿಲ್ಲ. ಅದನ್ನು ಸಾಗಿಸುವ ಲಾರಿ ಬೇಕು. ಈ ತಿಂಗಳು ಮಾತ್ರೆಗೆ ಯಾರು ಬಂದಿಲ್ಲ ಅಂತ ರಿಜಿಸ್ಟರ್ ನೋಡುವವರು ಬೇಕು. ಬಾರದವರ ಮನೆಗೆ ಹೋಗಿ ವಿಚಾರಿಸುವ ಕಾರ್ಯಕರ್ತೆ ಬೇಕು. ಇವರೆಲ್ಲ ಯಾವ ಸಾಲಿಗೆ ಸೇರುತ್ತಾರೆ? ಹೆಚ್ಚಿನ ಕಡೆ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿದ್ದ ಕಡೆಯಲ್ಲೂ ಹಣ ಪಾವತಿಸುವ ವ್ಯವಸ್ಥೆಯೇ ನಿಂತುಹೋಗಿತ್ತು. ಸೋಂಕು ತಗುಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಯನ್ನು ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಮಾತ್ರ ಅಂತ ಮಿತಿಗೊಳಿಸಿದರು.

ಅದೇ ಹೊಡೆತಕ್ಕೆ ಇನ್ನೊಂದು ಕಾರ್ಯಕ್ರಮವೂ ರದ್ದಾಯಿತು. 1984ರಿಂದ ಸುಮಾರು 90 ದೇಶಗಳಲ್ಲಿ ಮನೆಮನೆಗೆ ಹೋಗಿ ಜನನ, ಮರಣ, ಲಸಿಕೆ, ಪೌಷ್ಟಿಕತೆಯ ಮಾಹಿತಿ ತರುತ್ತಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ ಅದು. ಸಮೀಕ್ಷೆ ಯಾರ ಜೀವವನ್ನೂ ನೇರವಾಗಿ ಉಳಿಸುವುದಿಲ್ಲ, ನಿಜ. ಆದರೆ ಯಾವ ಬಡ ದೇಶದಲ್ಲಿ ಎಷ್ಟು ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದಾರೆ ಅನ್ನುವ ಅಂಕಿ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ಯಾವ ಕೆಲಸ ಹೆಚ್ಚು ಜೀವ ಉಳಿಸುತ್ತದೆ ಅಂತ ಪಟ್ಟಿ ಮಾಡುವವರು ನೋಡುತ್ತಿದ್ದದ್ದೂ ಅದನ್ನೇ. ಕ್ಷಾಮದ ಮುನ್ಸೂಚನೆ ಕೊಡಲೆಂದು 1985ರಲ್ಲಿ ಕಟ್ಟಿದ್ದ ಜಾಲದ ಪರದೆಯೂ ಆಗ ಕತ್ತಲಾಯಿತು. ಅದು ಮತ್ತೆ ಶುರುವಾಗುವುದಕ್ಕೆ ತಿಂಗಳುಗಳೇ ಹಿಡಿದವು.

ಈ ಕಡಿತದ ಹಿಂದಿನ ರಾಜಕೀಯ ಬೇರೆ ವಿಷಯ, ಅದನ್ನು ಪಕ್ಕಕ್ಕಿಡೋಣ. ಕಡಿತ ಅಲ್ಲಿಗೇ ನಿಂತೂ ಇಲ್ಲ. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಹಾಗಾಗಿ ಈಗ ಸಭೆ ಸಭೆಯಲ್ಲೂ ಒಂದೇ ಮಾತು: ಆದ್ಯತೆ ಗುರುತಿಸಿ, ಪ್ರತಿ ಡಾಲರಿಗೂ ಗರಿಷ್ಠ ಫಲ ತೆಗೆಯಿರಿ. ಒಳ್ಳೆಯ ಉದ್ದೇಶದ ಮಾತೇ. ಆದರೆ ಎಲ್ಲಿಯವರೆಗೆ ನಂಬಬಹುದು?

ಮೊದಲು ಪಟ್ಟಿಯ ಪರವಾಗಿ ಎರಡು ಮಾತು. ಆದ್ಯತೆ ಬೇಡ ಅನ್ನುವವರೂ ಆದ್ಯತೆ ಕೊಟ್ಟೇ ಇರುತ್ತಾರೆ, ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೇ. ಲೆಕ್ಕ ಇಲ್ಲದ ಕಡೆ ಜೋರಾಗಿ ಕೂಗಿದವರಿಗೆ, ಮಂತ್ರಿಗೆ ಹತ್ತಿರ ಇದ್ದವರಿಗೆ, ರಾಜಧಾನಿಯ ದೊಡ್ಡ ಆಸ್ಪತ್ರೆಗೆ ದುಡ್ಡು ಹೋಗುತ್ತದೆ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾ ನಗರದಲ್ಲಿ ಜಗತ್ತಿನ ಸರ್ಕಾರಗಳು ಸೇರಿ 2000ನೇ ಇಸವಿಯ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಅಂತ ಘೋಷಿಸಿದವು. ನೀರು, ಆಹಾರ, ಶಿಕ್ಷಣ, ಜನರ ಪಾಲ್ಗೊಳ್ಳುವಿಕೆ, ಎಲ್ಲವೂ ಅದರಲ್ಲಿತ್ತು. ದುಡ್ಡು ಎಲ್ಲಿಂದ, ಮೊದಲು ಏನು ಅನ್ನುವುದು ಮಾತ್ರ ಇರಲಿಲ್ಲ. ಮರುವರ್ಷವೇ ಕೆಲವು ತಜ್ಞರು ಎಲ್ಲವನ್ನೂ ಮಾಡುವುದಕ್ಕೆ ಆಗುವುದಿಲ್ಲ, ಅಗ್ಗದ ನಾಲ್ಕೈದನ್ನು ಆರಿಸೋಣ ಅಂದರು. ಯುನಿಸೆಫ್ 1982ರಲ್ಲಿ ಆ ದಾರಿ ಹಿಡಿಯಿತು. ಮಗುವಿನ ಬೆಳವಣಿಗೆ ಅಳೆಯುವುದು, ಭೇದಿಗೆ ಉಪ್ಪುಸಕ್ಕರೆ ದ್ರಾವಣ, ಎದೆಹಾಲು, ಲಸಿಕೆ. 1980ರಲ್ಲಿ ಜಗತ್ತಿನ ಐದರಲ್ಲಿ ಒಂದು ಮಗುವಿಗಷ್ಟೇ ಸಿಗುತ್ತಿದ್ದ ಮೂಲ ಲಸಿಕೆ, 1990ರ ಹೊತ್ತಿಗೆ ನಾಲ್ಕರಲ್ಲಿ ಮೂರು ಮಕ್ಕಳಿಗೆ ಸಿಗತೊಡಗಿತು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಅಂತ ಭಾಷಣ ಮಾಡುತ್ತಾ ಕೂತಿದ್ದರೆ ಇದು ಆಗುತ್ತಿರಲಿಲ್ಲ. ಸಂಕೀರ್ಣತೆ ಅನ್ನುವುದು ಎಷ್ಟೋ ಸಲ ಸೋಮಾರಿತನಕ್ಕೆ ಇಟ್ಟ ದೊಡ್ಡ ಹೆಸರು.

ಅಂದರೆ ಪಟ್ಟಿ ಕೆಲಸ ಮಾಡುತ್ತದೆ. ಯಾವಾಗ ಕೈಕೊಡುತ್ತದೆ ಅಂತ ನೋಡುವುದಕ್ಕೆ ಅಮೆರಿಕದ ಒರೆಗಾನ್ ರಾಜ್ಯದಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ.

1987ರಲ್ಲಿ ಆ ರಾಜ್ಯ ಬಡವರ ಸರ್ಕಾರಿ ವಿಮೆಯಿಂದ ಅಂಗಾಂಗ ಕಸಿಯನ್ನು ಕೈಬಿಟ್ಟಿತು. ಅದೇ ದುಡ್ಡಲ್ಲಿ ಇನ್ನಷ್ಟು ಜನರಿಗೆ ಸಾಮಾನ್ಯ ಚಿಕಿತ್ಸೆ ಕೊಡಬಹುದು ಅನ್ನುವ ಲೆಕ್ಕ. ಸ್ವಲ್ಪ ದಿನಕ್ಕೆ ರಕ್ತದ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗನೊಬ್ಬ ಅಸ್ಥಿಮಜ್ಜೆ ಕಸಿ ಸಿಗದೆ ತೀರಿಕೊಂಡ. ಗಲಾಟೆ ಆಯಿತು. ಆಗ ರಾಜ್ಯ, ಒಂದೊಂದೇ ಪ್ರಕರಣಕ್ಕೆ ಕಣ್ಣೀರು ನೋಡಿ ತೀರ್ಮಾನಿಸುವುದು ಬೇಡ, ಎಲ್ಲ ಚಿಕಿತ್ಸೆಗಳನ್ನೂ ಒಂದೇ ಸೂತ್ರದಲ್ಲಿ ತೂಗೋಣ ಅಂತ ಹೊರಟಿತು. ಧೈರ್ಯದ ಹೆಜ್ಜೆ ಅದು. ಆಯೋಗ ಕೂತಿತು. ಯಾವ ತೊಂದರೆ ಬದುಕನ್ನು ಎಷ್ಟು ಕೆಡಿಸುತ್ತದೆ ಅಂತ ಸುಮಾರು 1,000 ಜನರನ್ನು ಫೋನ್ ಮಾಡಿ ಕೇಳಿದರು. ಖರ್ಚು ಎಷ್ಟು, ಲಾಭ ಎಷ್ಟು, ಆ ಲಾಭ ಎಷ್ಟು ವರ್ಷ ಉಳಿಯುತ್ತದೆ ಅನ್ನುವುದನ್ನು ಕಂಪ್ಯೂಟರಿಗೆ ಕೊಟ್ಟರು. 1990ರಲ್ಲಿ ಪಟ್ಟಿ ಹೊರಬಂತು.

ಅದರಲ್ಲಿ ಹಲ್ಲಿಗೆ ಟೋಪಿ (ಕ್ಯಾಪ್) ಹಾಕುವುದು ಮೇಲಿತ್ತು. ಗರ್ಭಕೋಶದ ಹೊರಗೆ ಬೆಳೆದ ಭ್ರೂಣಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಅದಕ್ಕಿಂತ ಕೆಳಗಿತ್ತು. ದವಡೆಯ ಕೀಲು ನೋವಿಗೆ ಹಾಕುವ ಆಸರೆ (ಸ್ಪ್ಲಿಂಟ್) ಮೇಲಿತ್ತು, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಕೆಳಗಿತ್ತು. ಮಾಡದೆ ಬಿಟ್ಟರೆ ಈ ಎರಡೂ ಶಸ್ತ್ರಚಿಕಿತ್ಸೆಗಳ ರೋಗಿ ಸಾಯಬಹುದು. ಹಲ್ಲಿನ ಟೋಪಿ ಇಲ್ಲದೆ ಯಾರೂ ಸಾಯುವುದಿಲ್ಲ.

ಕಂಪ್ಯೂಟರ್ ಲೆಕ್ಕ ತಪ್ಪಿರಲಿಲ್ಲ. ಒಂದು ಶಸ್ತ್ರಚಿಕಿತ್ಸೆಯ ದುಡ್ಡಲ್ಲಿ ನೂರಕ್ಕೂ ಹೆಚ್ಚು ಹಲ್ಲುಗಳಿಗೆ ಟೋಪಿ ಹಾಕಬಹುದಿತ್ತು. ನೂರು ಜನರ ಚೂರುಪಾರು ನೆಮ್ಮದಿಯನ್ನು ಕೂಡಿಸಿದರೆ ಒಂದು ಜೀವಕ್ಕಿಂತ ಜಾಸ್ತಿ ಆಗುತ್ತದೆ ಅಂತ ಸೂತ್ರ ಹೇಳಿತು. ಕೂಡಿಸಬಹುದು ಅಂತ ಸೂತ್ರಕ್ಕೆ ಹೇಳಿಕೊಟ್ಟವರು ಯಾರು? ಯಾರೂ ಕೂತು ಚರ್ಚೆ ಮಾಡಿ ಒಪ್ಪಿದ ವಿಷಯ ಅಲ್ಲ ಅದು. ಲೆಕ್ಕದ ಒಳಗೆ ಸುಮ್ನೆ ಸೇರಿಕೊಂಡಿತ್ತು. ಆಯೋಗ ಆ ಪಟ್ಟಿಯನ್ನು ಕೈಬಿಟ್ಟು, ಚಿಕಿತ್ಸೆಗಳನ್ನು 17 ಬಗೆಯಾಗಿ ವಿಂಗಡಿಸಿ, ಆಮೇಲೆ ಸದಸ್ಯರೇ ಸಾಲುಗಳನ್ನು ಮೇಲೆ ಕೆಳಗೆ ಮಾಡಿ 1991ರಲ್ಲಿ ಹೊಸದು ತಂದಿತು. ಒಟ್ಟು 709 ಸಾಲು. 587ನೇ ಸಾಲಿನವರೆಗೆ ದುಡ್ಡು, ಅದರ ಕೆಳಗಿನದಕ್ಕೆ ಇಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಅದನ್ನೂ ತಿರಸ್ಕರಿಸಿತು. ಕಾರಣ ಆ ಫೋನ್ ಸಮೀಕ್ಷೆ. ಅಂಗವಿಕಲರ ಬದುಕು ಎಷ್ಟು ಕಷ್ಟ ಅಂತ ಅಂಗವಿಕಲರಲ್ಲದವರು ಊಹಿಸಿ ಕೊಟ್ಟ ಅಂಕ ಅದರೊಳಗೆ ಕೂತಿತ್ತು. ಅದು ತಾರತಮ್ಯ ಅನ್ನುವುದು ಆಕ್ಷೇಪ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮುಂದೆ ನಡೆದದ್ದು. ಪಟ್ಟಿಯನ್ನು ತಿದ್ದಿದ ಮೇಲೆ 1994ರಲ್ಲಿ ಯೋಜನೆ ಜಾರಿಗೆ ಬಂದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ವಿಮೆಯೊಳಗೆ ಸೇರಿದರು. ಅದಕ್ಕೆ ಬಳಸಿದ್ದು ದೊಡ್ಡ ಕಡಿತದಿಂದ ಉಳಿಸಿದ ದುಡ್ಡಲ್ಲ. ಪಟ್ಟಿ ಬಹಿರಂಗವಾಗಿ ಎದುರಿಗಿದ್ದಾಗ ಗೆರೆಯನ್ನು ಮೇಲಕ್ಕೆ ಎಳೆಯುವ ಧೈರ್ಯ ಯಾವ ಶಾಸಕರಿಗೂ ಸುಲಭವಾಗಿ ಬರಲಿಲ್ಲ. ಸಿಗರೇಟಿನ ಮೇಲೆ ತೆರಿಗೆ ಏರಿಸಿ ದುಡ್ಡು ತಂದರು. ಇರುವುದು ಇಷ್ಟೇ ದುಡ್ಡು, ಇದರೊಳಗೆ ಹಂಚಿ ಅಂತಲೇ ಎಲ್ಲ ಶುರುವಾಗಿದ್ದು. ಕೊನೆಗೆ ಅಲುಗಾಡಿದ್ದು ಆ ‘ಇಷ್ಟೇ ದುಡ್ಡು’.

ಎಚ್‌ಐವಿ ಚಿಕಿತ್ಸೆಯ ಕಥೆಯಲ್ಲೂ ಹೀಗೇ ಆಯಿತು, ಇನ್ನೂ ದೊಡ್ಡ ಪ್ರಮಾಣದಲ್ಲಿ. 2000ನೇ ಇಸವಿಯಲ್ಲಿ ಮೂರು ಔಷಧಿಗಳ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ 10,000ದಿಂದ 15,000 ಡಾಲರ್ ಬೀಳುತ್ತಿತ್ತು. ರೋಗ ಅತಿ ಹೆಚ್ಚು ಇದ್ದದ್ದು ಆಫ್ರಿಕಾದ ಬಡ ದೇಶಗಳಲ್ಲಿ. ಅಲ್ಲಿನ ಸರ್ಕಾರಗಳು ಒಬ್ಬರ ಇಡೀ ಆರೋಗ್ಯಕ್ಕೆ ವರ್ಷಕ್ಕೆ ಖರ್ಚು ಮಾಡುತ್ತಿದ್ದದ್ದು ಬೆರಳೆಣಿಕೆಯ ಡಾಲರ್‌ಗಳನ್ನು. ಖರ್ಚಿಗೆ ತಕ್ಕ ಫಲದ ಲೆಕ್ಕ ಹಾಕಿದರೆ ಉತ್ತರ ಒಂದೇ. ಈಗಾಗಲೇ ಸೋಂಕಿರುವವರನ್ನು ಬಿಡಿ, ಹೊಸ ಸೋಂಕು ತಡೆಯಿರಿ. 2002ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನ, ಚಿಕಿತ್ಸೆಗಿಂತ ತಡೆಗಟ್ಟುವಿಕೆ ಕನಿಷ್ಠ 28 ಪಟ್ಟು ಲಾಭದಾಯಕ ಅಂತ ತೋರಿಸಿತು. ಬರೆದವರು ಕಲ್ಲು ಹೃದಯದವರೇನಲ್ಲ. ಅವತ್ತಿನ ಅಂಕಿಗಳನ್ನು ಒಪ್ಪಿಕೊಂಡರೆ ನೀವೂ ನಾನೂ ಅದೇ ಉತ್ತರಕ್ಕೆ ಬರುತ್ತಿದ್ದೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತದೆ ಈ ಲೆಕ್ಕ. ಅದೇ ಹೊತ್ತಿಗೆ ಇನ್ನೊಂದಷ್ಟು ಜನ ಹಾಸಿಗೆಯನ್ನು ಇಷ್ಟು ಗಿಡ್ಡ ಮಾಡಿದ್ದು ಯಾರು ಅಂತ ಕೇಳುತ್ತಿದ್ದರು. ಬ್ರೆಜಿಲ್ 1996ರಿಂದಲೇ ತನ್ನ ರೋಗಿಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಿತ್ತು, ಕೆಲವು ಔಷಧಿಗಳನ್ನು ತಾನೇ ತಯಾರಿಸುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ರೋಗಿಗಳೇ ಸಂಘಟಿತರಾಗಿ ಬೀದಿಗಿಳಿದರು. ಅಗ್ಗದ ಔಷಧಿಗೆ ದಾರಿ ಮಾಡುವ ಕಾನೂನಿನ ವಿರುದ್ಧ ಅಲ್ಲಿನ ಸರ್ಕಾರವನ್ನು ಕೋರ್ಟಿಗೆ ಎಳೆದಿದ್ದ ಔಷಧಿ ಕಂಪನಿಗಳು 2001ರ ಏಪ್ರಿಲ್‌ನಲ್ಲಿ ಕೇಸು ವಾಪಸು ಪಡೆದವು. ಅದಕ್ಕೆ ಎರಡು ತಿಂಗಳು ಮೊದಲು ಭಾರತದ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್, ಗಡಿರಹಿತ ವೈದ್ಯರ ಸಂಸ್ಥೆಗೆ ಅದೇ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದಿದ್ದರು. ಅವರಿಗೆ ಅದು ಸಾಧ್ಯವಾದದ್ದು ಆಗಿನ ಭಾರತದ ಕಾನೂನಿನಿಂದ. ಔಷಧಿಯ ಮೇಲೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಇತ್ತು. 2005ರಲ್ಲಿ ಆ ಕಾನೂನು ಬದಲಾಯಿತು. ಅಷ್ಟರಲ್ಲಿ ಬೆಲೆಯ ಕೋಟೆ ಒಡೆದಿತ್ತು.

ಆಮೇಲೆ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧ ಹಣ ಒದಗಿಸುವ ಜಾಗತಿಕ ನಿಧಿ ಬಂತು. 2003ರಲ್ಲಿ ಅಮೆರಿಕ ಐದು ವರ್ಷಕ್ಕೆ 15 ಬಿಲಿಯನ್ ಡಾಲರಿನ ಯೋಜನೆ ಘೋಷಿಸಿತು. 2023ರ ಹೊತ್ತಿಗೆ ಒಬ್ಬರ ವರ್ಷದ ಚಿಕಿತ್ಸೆಯ ಬೆಲೆ 45 ಡಾಲರಿಗಿಂತ ಕೆಳಗೆ ಇಳಿಯಿತು. ಇವತ್ತು 3 ಕೋಟಿಗೂ ಹೆಚ್ಚು ಜನ ಈ ಔಷಧಿಯ ಮೇಲೆ ಬದುಕಿದ್ದಾರೆ.

2002ರ ಆ ಹೋಲಿಕೆಯ ಅಡಿಪಾಯಕ್ಕೂ 2011ರಲ್ಲಿ ಪೆಟ್ಟು ಬಿತ್ತು. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ತಗ್ಗುತ್ತದೆ ಅಂತ ದೊಡ್ಡ ಪ್ರಯೋಗವೊಂದು ತೋರಿಸಿತು. ಚಿಕಿತ್ಸೆಯೇ ತಡೆಗಟ್ಟುವಿಕೆ ಆಗಿಬಿಟ್ಟಿತು. ಇದೋ ಅದೋ ಅಂತ ಎರಡು ಬೇರೆ ಬೇರೆ ಸಾಲಲ್ಲಿ ಬರೆದು ಹೋಲಿಸಿದ್ದು ಒಂದರೊಳಗೊಂದು ಇದ್ದ ಸಂಗತಿಗಳನ್ನು.

ಹಾಗಾದರೆ ಲೆಕ್ಕ ಎಲ್ಲಿ ಎಡವುತ್ತದೆ? ಯಾವುದೇ ಆದ್ಯತೆಯ ಪಟ್ಟಿ ಮೂರು ವಿಷಯಗಳನ್ನು ಮಾತಾಡದೆ ಒಪ್ಪಿಕೊಂಡಿರುತ್ತದೆ. ಸಾಲುಗಳು ಒಂದಕ್ಕೊಂದು ಸಂಬಂಧ ಇಲ್ಲದವು. ಬೆಲೆ ಮತ್ತು ಬಜೆಟ್ ಬದಲಾಗುವುದಿಲ್ಲ. ಅಳತೆಗೋಲು ಎಲ್ಲರಿಗೂ ಒಪ್ಪಿಗೆ. ರಸ್ತೆ ಅಪಘಾತದ ಹತ್ತಾರು ಗಾಯಾಳುಗಳು ಒಟ್ಟಿಗೆ ಬಂದ ಆಸ್ಪತ್ರೆಯಲ್ಲಿ ಈ ಮೂರೂ ನಿಜ. ಮುಂದಿನ ಒಂದು ಗಂಟೆಯಲ್ಲಿ ವೈದ್ಯರ ಸಂಖ್ಯೆ ಹೆಚ್ಚಾಗುವುದಿಲ್ಲ, ಜೀವ ಉಳಿಸಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಅಲ್ಲಿ ಯಾರು ಮೊದಲು ಅಂತ ಕಠಿಣವಾಗಿ ತೀರ್ಮಾನಿಸಲೇಬೇಕು. ತೊಂದರೆ ಏನೆಂದರೆ, ಆ ಒಂದು ಗಂಟೆಯ ನ್ಯಾಯವನ್ನೇ ಹತ್ತು ವರ್ಷದ ಯೋಜನೆಗೂ ಅನ್ವಯಿಸುತ್ತೇವೆ. ಹತ್ತು ವರ್ಷದಲ್ಲಿ ಬೆಲೆ ಬದಲಾಗುತ್ತದೆ, ಕಾನೂನು ಬದಲಾಗುತ್ತದೆ. ಯಾರನ್ನು ರೋಗಿ ಅಂತ ಎಣಿಸಬೇಕು ಅನ್ನುವುದೂ ಬದಲಾಗುತ್ತದೆ. ಬದಲಾಗುತ್ತದೆ ಅಂದೆ, ಬದಲಾಯಿಸುವವರು ಇದ್ದರೆ.

ಸಾಲುಗಳು ಬೇರೆ ಬೇರೆ ಅಲ್ಲ ಅನ್ನುವುದಕ್ಕೆ 2014ರ ಎಬೋಲಾ ನೋಡಬೇಕು. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಿಗೆ ವರ್ಷಗಟ್ಟಲೆ ನೆರವು ಹರಿದಿತ್ತು. ಅದರಲ್ಲಿ ಬಹಳಷ್ಟು ಹೋದದ್ದು ಬಿಡಿಬಿಡಿ ರೋಗಗಳ ಹೆಸರಿನಲ್ಲಿ. ನರ್ಸ್‌ಗಳ ಸಂಬಳ, ಪ್ರಯೋಗಾಲಯ, ಕೈಗವಸು ಯಾವ ಒಂದು ರೋಗದ ಖಾತೆಗೂ ಪೂರ್ತಿ ಸೇರುವಂಥದ್ದಲ್ಲ. ಹಾಗಾಗಿ ಅವು ಯಾವ ಪಟ್ಟಿಯಲ್ಲೂ ಮೇಲೆ ಬರಲಿಲ್ಲ. ಎಬೋಲಾ ಬಂದಾಗ ಮೊದಲು ಸತ್ತವರಲ್ಲಿ ಆರೋಗ್ಯ ಸಿಬ್ಬಂದಿಯೇ ತುಂಬಾ ಜನ ಇದ್ದರು. ಎಷ್ಟೋ ಆಸ್ಪತ್ರೆಗಳು ಮುಚ್ಚಿದವು, ಹೆರಿಗೆ ಸೇವೆ ಕುಸಿಯಿತು, ಲಸಿಕೆ ಕುಸಿಯಿತು. ಒಟ್ಟು 11,000ಕ್ಕೂ ಹೆಚ್ಚು ಜನ ಎಬೋಲಾದಿಂದಲೇ ತೀರಿಕೊಂಡರು.

ಅದೇ ವರ್ಷ ಜುಲೈನಲ್ಲಿ ಸೋಂಕಿತ ಪ್ರಯಾಣಿಕರೊಬ್ಬರು ವಿಮಾನದಲ್ಲಿ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದರು. ಆಫ್ರಿಕಾದ ಅತ್ಯಂತ ಕಿಕ್ಕಿರಿದ ನಗರಗಳಲ್ಲಿ ಒಂದು ಅದು. ಎಲ್ಲರೂ ಅನಾಹುತಕ್ಕೆ ಕಾದರು. 20 ಜನರಿಗೆ ಸೋಂಕು, 8 ಸಾವು. ಮೂರು ತಿಂಗಳಲ್ಲಿ ಮುಗಿದುಹೋಯಿತು. ಅಲ್ಲಿ ಪೋಲಿಯೋ ನಿರ್ಮೂಲನೆಗೆ ಅಂತ ಕಟ್ಟಿದ್ದ ತುರ್ತು ಕೇಂದ್ರದ ತಂಡವನ್ನೇ ತಂದು ಎಬೋಲಾ ಕೆಲಸಕ್ಕೆ ಕೂರಿಸಿದ್ದರು. ಮನೆ ಹುಡುಕುವುದು, ಸಂಪರ್ಕಕ್ಕೆ ಬಂದವರನ್ನು ಎಣಿಸುವುದು, ದಿನಾ ಹೋಗಿ ಜ್ವರ ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಸುಮಾರು 900 ಸಂಪರ್ಕಿತರನ್ನು ಮುಖತಃ ನೋಡಲು 18,000ಕ್ಕೂ ಹೆಚ್ಚು ಭೇಟಿ ಮಾಡಿದರು.

ಪೋಲಿಯೋ ನಿರ್ಮೂಲನೆ ಅಂದರೆ ಲೆಕ್ಕದವರಿಗೆ ಅಷ್ಟಕ್ಕಷ್ಟೇ. 1988ರಲ್ಲಿ ಶುರುವಾದಾಗ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪಾರ್ಶ್ವವಾಯು ಆಗುತ್ತಿತ್ತು. ಶೇ 99ರಷ್ಟು ಇಳಿದ ಮೇಲೆ, ಉಳಿದ ಒಂದೊಂದು ಪ್ರಕರಣಕ್ಕೂ ಖರ್ಚು ಗಗನಕ್ಕೇರಿತು. ಈ ದುಡ್ಡನ್ನು ದಡಾರಕ್ಕೋ ಮಲೇರಿಯಾಕ್ಕೋ ಹಾಕಿ ಅಂತ ಎಷ್ಟೋ ಜನ ವಾದಿಸಿದರು. ಆ ವಾದ ಪೊಳ್ಳು ಅಂತ ನಾನು ಹೇಳುವುದಿಲ್ಲ. ಪೋಲಿಯೋ ಅಭಿಯಾನ ಮಾಮೂಲಿ ಲಸಿಕೆಯ ಸಿಬ್ಬಂದಿಯನ್ನು ಎಳೆದುಕೊಂಡ ಉದಾಹರಣೆಗಳೂ ಇವೆ. ಆದರೆ ಲಾಗೋಸ್‌ನಲ್ಲಿ ಆದ ಲಾಭ ಅವರ ಯಾವ ಕೋಷ್ಟಕದಲ್ಲೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಬರಲಿರುವ ರೋಗ ಯಾವುದು ಅಂತಲೇ ಗೊತ್ತಿಲ್ಲದಾಗ ಅದಕ್ಕೆ ಯಾವ ಅಂಕ ಕೊಡುತ್ತೀರಿ?

ಅಳತೆಗೋಲಿನ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು, ಇದು ಬಹಳ ಜನ ಹೇಳಿರುವ ವಿಷಯ. ಒಂದು ಅಂಕಿಯನ್ನು ಗುರಿ ಮಾಡಿದ ಕೂಡಲೇ ಆ ಅಂಕಿ ಹಾಳಾಗತೊಡಗುತ್ತದೆ ಅನ್ನುವುದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಗುರುತಿಸಿದ್ದರು. ಅವರು ಮಾತಾಡುತ್ತಿದ್ದದ್ದು ಹಣದ ಪೂರೈಕೆಯ ಬಗ್ಗೆ, ಆದರೆ ಎಲ್ಲ ಕಡೆಗೂ ಹೊಂದುತ್ತದೆ. ಇಂಗ್ಲೆಂಡಿನ ತುರ್ತು ಚಿಕಿತ್ಸಾ ವಿಭಾಗಗಳಿಗೆ ರೋಗಿಯನ್ನು 4 ಗಂಟೆಯೊಳಗೆ ನೋಡಿ ಮುಗಿಸಬೇಕು ಅಂತ ಗುರಿ ಕೊಟ್ಟರು. ಕಾಯುವುದು ನಿಜಕ್ಕೂ ಕಮ್ಮಿ ಆಯಿತು. ಜೊತೆಗೆ, 4 ಗಂಟೆ ತುಂಬುವ ಮುಂಚಿನ ಕೆಲವೇ ನಿಮಿಷಗಳಲ್ಲಿ ರೋಗಿಗಳನ್ನು ಗಬಗಬ ವಾರ್ಡಿಗೆ ಸಾಗಹಾಕುವುದೂ ಶುರುವಾಯಿತು. ಒಳಗೆ ಬಂದರೆ ಗಡಿಯಾರ ಓಡುತ್ತದೆ ಅಂತ ಆಂಬುಲೆನ್ಸ್‌ಗಳನ್ನು ಬಾಗಿಲಲ್ಲೇ ನಿಲ್ಲಿಸಿದ ವರದಿಗಳೂ ಬಂದವು.

ಅಳತೆಗೋಲಿನೊಳಗೆ ಯಾರ ಅಭಿಪ್ರಾಯ ಅಡಗಿದೆ ಅನ್ನುವುದು ಇನ್ನೂ ಸೂಕ್ಷ್ಮ. ರೋಗದಿಂದ ಕಳೆದುಹೋದ ಆರೋಗ್ಯವಂತ ವರ್ಷಗಳನ್ನು ಎಣಿಸುವ ಮಾಪನವನ್ನು ವಿಶ್ವಬ್ಯಾಂಕ್ 1993ರ ವರದಿಯಲ್ಲಿ ಜಗತ್ತಿನ ಮುಂದಿಟ್ಟಿತು. ಆಗ ಅದರಲ್ಲಿ ಇಪ್ಪತ್ತೈದರ ಆಸುಪಾಸಿನವರ ಒಂದು ವರ್ಷಕ್ಕೆ ಹಸುಗೂಸಿನ ಅಥವಾ ಮುದುಕರ ಒಂದು ವರ್ಷಕ್ಕಿಂತ ಜಾಸ್ತಿ ತೂಕ ಇತ್ತು. ಸುಮಾರು ಎರಡು ದಶಕ ಟೀಕೆ ಕೇಳಿದ ಮೇಲೆ ಆ ತೂಕವನ್ನು ತೆಗೆದರು. ಒಳ್ಳೆಯದೇ ಆಯಿತು. ಆದರೆ ಅಷ್ಟೂ ವರ್ಷ ಹಣ ಹಂಚುವ ಚರ್ಚೆಗಳಲ್ಲಿ ಆ ಅಂಕಿ ಬಳಕೆಯಾಗುತ್ತಿತ್ತು. ಕೋಷ್ಟಕದ ಕೊನೆಯ ಕಾಲಂ ನೋಡಿದವರಿಗೆ ಈ ತೂಕ ಕಾಣುವುದೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಹಣ ಹಂಚಬೇಕಾದವರು ನಾಳೆ ಬೆಳಗ್ಗೆ ಏನಾದರೂ ಒಂದು ತೀರ್ಮಾನ ಮಾಡಲೇಬೇಕು. ಅವರಿಗೆ ಪಟ್ಟಿ ಬೇಡ ಅನ್ನುವುದು ಸುಮ್ನೆ ಮಾತು. ನನಗೆ ಸರಿ ಕಾಣುವುದು ಪಟ್ಟಿಯನ್ನು ತೀರ್ಪಿನ ಜಾಗದಿಂದ ಇಳಿಸಿ ಚರ್ಚೆಯ ಮೇಜಿನ ಮೇಲೆ ಇಡುವುದು. ಒರೆಗಾನ್‌ನಲ್ಲಿ ಕೊನೆಗೆ ಪಟ್ಟಿ ಉಪಯೋಗಕ್ಕೆ ಬಂದದ್ದು ಹಾಗೆಯೇ. ಅದು ಎಲ್ಲರಿಗೂ ಕಾಣುವಂತೆ ಇದ್ದದ್ದರಿಂದ ಜಗಳ ಆಡುವುದಕ್ಕೆ ಆಧಾರ ಸಿಕ್ಕಿತು.

ಹಣದ ಒಂದು ಪಾಲನ್ನು ಈ ಪೈಪೋಟಿಯಿಂದಲೇ ಹೊರಗಿಡಬೇಕು. ಸಮೀಕ್ಷೆ, ಪ್ರಯೋಗಾಲಯ, ನರ್ಸ್‌ಗಳ ಸಂಬಳದಂಥವು ಎಲ್ಲ ಸಾಲುಗಳನ್ನೂ ಹೊತ್ತು ನಿಂತಿರುತ್ತವೆ. ಅವನ್ನೇ ಒಂದು ಸಾಲಾಗಿ ಬರೆದು ಮಿಕ್ಕಿದ್ದರ ಜೊತೆ ಓಟಕ್ಕೆ ನಿಲ್ಲಿಸಿದರೆ ಪ್ರತಿ ಸಲವೂ ಸೋಲುತ್ತವೆ. ಎಷ್ಟು ಪಾಲು ಅನ್ನುವುದಕ್ಕೆ ಸೂತ್ರ ಇಲ್ಲ. ಯಾರಾದರೂ ಶೇಕಡಾ ಇಷ್ಟು ಅಂತ ನಿಖರವಾಗಿ ಹೇಳಿದರೆ ನನಗೆ ಅನುಮಾನ ಬರುತ್ತದೆ.

ಇನ್ನೊಂದು ಕೆಲಸ ಖರ್ಚಿಲ್ಲದ್ದು. ಪಟ್ಟಿಯ ಪ್ರತಿ ಬೆಲೆಯ ಪಕ್ಕದಲ್ಲೂ ಒಂದು ಖಾಲಿ ಕಾಲಂ ಇಡಿ: ಈ ಅಂಕಿಯನ್ನು ಹೀಗೆ ಹಿಡಿದಿಟ್ಟಿರುವುದು ಏನು? ಕಚ್ಚಾವಸ್ತುವೇ, ಪೇಟೆಂಟೇ, ಆಮದು ಸುಂಕವೇ, ಇಲ್ಲ ಯಾರೂ ಇಷ್ಟು ದೊಡ್ಡ ಮೊತ್ತದಲ್ಲಿ ಕೊಳ್ಳುತ್ತೇವೆ ಅಂತ ಭರವಸೆ ಕೊಟ್ಟಿಲ್ಲವೇ? ಎಚ್‌ಐವಿ ಸೋಂಕು ತಡೆಯುವ ಲೆನಕಪವಿರ್ ಅನ್ನುವ ಇಂಜೆಕ್ಷನ್ ಈಗ ಬಂದಿದೆ. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸಾಕು. 2025ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಾಗ ಅಲ್ಲಿನ ಬೆಲೆ ವರ್ಷಕ್ಕೆ 28,000 ಡಾಲರ್ ದಾಟಿತ್ತು. ಆ ಬೆಲೆ ಹಾಕಿ ಲೆಕ್ಕ ಮಾಡಿದರೆ ಯಾವ ಬಡ ದೇಶದ ಪಟ್ಟಿಯಲ್ಲೂ ಅದು ತಳಕ್ಕೇ ಹೋಗುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, 2027ರಿಂದ 120 ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಜೆನೆರಿಕ್ ರೂಪದಲ್ಲಿ ಕೊಡುವ ಒಪ್ಪಂದಗಳು ಪ್ರಕಟವಾದವು. ತಯಾರಿಸಿ ಕೊಡಲಿರುವುದು ಭಾರತದ ಎರಡು ಕಂಪನಿಗಳು.